ಹಾಳೆಯ ನಡುವೆ ಚುಟ್ಟದ ಬೂದಿ

ಕಸೋನ್ ತಿಂಗಳು, ಹುಣ್ಣಿಮೆ ಕಳೆದು ನಾಲ್ಕನೆಯ ದಿನ

ಇದನ್ನು ಓದುತ್ತಿರುವವರು ಯಾರೇ ಆಗಿರಲಿ, ಮೊದಲು ಹೋಗಿ ಕೈ ತೊಳೆದುಕೊಂಡು ಬನ್ನಿ. ಮೀನು ಮುಟ್ಟಿದ ಕೈಯಲ್ಲಿ ಇನ್ನೊಬ್ಬರ ಪುಸ್ತಕ ಮುಟ್ಟುವುದನ್ನು ಯಾವ ತಾಯಿ ಕಲಿಸಿದಳು ನಿಮಗೆ? ಗಂಡಸಾಗಿದ್ದರೆ ನಾಚಿಕೆಯಾಗಲಿ, ಹೆಂಗಸಾಗಿದ್ದರೆ ಇನ್ನೂ ಹೆಚ್ಚು ನಾಚಿಕೆಯಾಗಲಿ. ಸೈನ್ಯದವರಾಗಿದ್ದರೆ ಇದರಲ್ಲಿ ಅರ್ಧ ಸುಳ್ಳು ಎಂದು ತಿಳಿಯಿರಿ. ಯಾವ ಅರ್ಧ ಎಂದು ಹೇಳುವುದಿಲ್ಲ.

ನಾನು ಲೋನ್ ತಿನ್. ಈ ಕನ್ಯಿಂಗೋನ್ ಊರಿನವರು ಎದುರಿಗೆ ಮರ್ಯಾದೆಯಿಂದ ದೋ ಲೋನ್ ತಿನ್ ಎನ್ನುತ್ತಾರೆ, ಬೆನ್ನ ಹಿಂದೆ ಏನೆನ್ನುತ್ತಾರೆಂಬುದು ನನಗೆ ಗೊತ್ತು. ಅಕ್ಷರ ಕಲಿತದ್ದು ವಿಹಾರದ ಜಗಲಿಯ ಕೆಳಗೆ ಕೂತು. ಮೇಲೆ ಗಂಡುಹುಡುಗರು ಕಿರುಚಿ ಒಪ್ಪಿಸುತ್ತಿದ್ದದ್ದನ್ನು ಕೆಳಗೆ ಮಣ್ಣಿನಲ್ಲಿ ಕಡ್ಡಿಯಿಂದ ಗೀಚುತ್ತಿದ್ದೆ. ಆಮೇಲೆ ಅಪ್ಪ ಎಮ್ಮೆ ಕೊಂಡ, ನನ್ನ ವಿದ್ಯೆ ಮುಗಿಯಿತು.

ಈ ಪುಸ್ತಕ ಮಗ ತುನ್ ಬ್ಯೂ ತಂದುಕೊಟ್ಟದ್ದು. ಇಂಗ್ಲಿಷರ ಹೊಗೆಹಡಗಿನಲ್ಲಿ ಯಂತ್ರಕ್ಕೆ ಎಣ್ಣೆ ಬಿಡುವವನು ಅವನು. ಅವನು ಗೋಡೆಗೆ ಹಾಕಿಹೋದ ಕ್ಯಾಲೆಂಡರಿನಲ್ಲಿ ಈಗ 1942, ಮೇ ತಿಂಗಳು. ಬಿಳಿಯರನ್ನು ತುಂಬಿಕೊಂಡು ಐರಾವತಿ ನದಿಯಲ್ಲಿ ಮೇಲ್ಮುಖವಾಗಿ ಹೋದ ಅವನ ಹಡಗು ತಿರುಗಿ ಬಂದಿಲ್ಲ.

ಇಂಗ್ಲಿಷರು ಹೇಳಿ ಹೋಗಲಿಲ್ಲ. ಹೋಗುವಾಗ ಅಕ್ಕಿ ಗಿರಣಿಗೆ ಬೆಂಕಿ ಇಟ್ಟರು, ಜಪಾನಿನವರಿಗೆ ಅಕ್ಕಿ ಸಿಗಬಾರದಂತೆ. ನಮಗೂ ಸಿಗಬಾರದೆಂದು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ. ಈಗ ಜಪಾನಿನವರು ಬಂದಿದ್ದಾರೆ. ಅವರ ಬೆನ್ನಿಗೆ ನಮ್ಮ ಹುಡುಗರೇ, ತೋಳಿಗೆ ಪಟ್ಟಿ ಕಟ್ಟಿಕೊಂಡು. ಬರ್ಮಾ ಸ್ವತಂತ್ರವಾಯಿತು ಎನ್ನುತ್ತಾರೆ. ಆಗಿರಬಹುದು. ನನ್ನ ಒಲೆಗೆ ಇನ್ನೂ ಗೊತ್ತಾಗಿಲ್ಲ. ನೀರು, ಬೆಂಕಿ, ದೊರೆ, ಕಳ್ಳ, ಹಗೆ, ಈ ಐದು ಶತ್ರುಗಳಿಂದ ಕಾಪಾಡು ಎಂದು ದಿನವೂ ಬುದ್ಧನ ಮುಂದೆ ಬೇಡುತ್ತೇವೆ. ದೊರೆ ಇಬ್ಬರಾದರೆ ಶತ್ರುಗಳು ಆರೆಂದು ಲೆಕ್ಕ ಹಿಡಿಯಬೇಕೋ ಏನೋ.

ಸೊಸೆ ಪೋವಾ ಬರ್ಮಾದವಳೇ, ಆದರೆ ನಮ್ಮವಳಲ್ಲ, ಕರೆನ್ ಜನದವಳು; ಆ ಜನವೆಲ್ಲ ಬಿಳಿಯರ ಕಡೆ ಎಂದು ಮಾತು. ಪಾದ್ರಿ ಶಾಲೆಯಲ್ಲಿ ಓದಿದವಳು, ಯೇಸುವಿನವಳು. ಅವಳ ತಮ್ಮ ತೂಲೇ ಬಿಳಿಯರ ಬಂದೂಕು ಪಡೆಯಲ್ಲಿದ್ದ. ಪಡೆ ಚದುರಿದ ಮೇಲೆ ಅವನೆಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ. ಅಂಥವರನ್ನು ತೋಳಪಟ್ಟಿಯವರು ಹುಡುಕುತ್ತಿದ್ದಾರೆ, ಕುಶಲ ಕೇಳುವುದಕ್ಕಲ್ಲ.

ಮನೆಯಲ್ಲಿರುವುದು ನಾನು, ಸೊಸೆ, ಎರಡು ಹಲ್ಲಿನ ಮೊಮ್ಮಗಳು ಸಾನ್ ಮ್ಯಾ. ಆದರೂ ಮೀನುಗೊಜ್ಜಿನ ಜಾಡಿ ಬೇಗ ಬೇಗ ಇಳಿಯುತ್ತಿದೆ. ಯಾರು ತಿನ್ನುತ್ತಿದ್ದಾರೆ?

ಈ ಪುಸ್ತಕವನ್ನು ಬುದ್ಧನ ಗೂಡಿನ ಹಿಂದೆ ಇಡುತ್ತೇನೆ. ಯೇಸುವಿನವಳು ಅತ್ತ ಸುಳಿಯುವುದಿಲ್ಲ.

ಹುಣ್ಣಿಮೆ ಕಳೆದು ಒಂಬತ್ತನೆಯ ದಿನ

ಸೊಸೆಗೆ ಪುಣ್ಯದ ಹುಚ್ಚು ಹಿಡಿದಿದೆ. ಮೂರು ಬೆಳಗಿನಿಂದ ನನಗಿಂತ ಮೊದಲೇ ಎದ್ದು, ಅನ್ನ ಮಾಡಿ, ಬೋಗುಣಿ ಹಿಡಿದು, ಭಿಕ್ಷುಗಳು ಬರುವ ಬೀದಿಯಲ್ಲಿ ನಿಲ್ಲುತ್ತಿದ್ದಾಳೆ. ಮದುವೆಯಾಗಿ ಇಷ್ಟು ವರ್ಷ ಒಂದು ಅಗುಳು ಹಾಕಿದವಳಲ್ಲ.

"ಯಾವಾಗಿಂದ ಈ ಭಕ್ತಿ?" ಎಂದು ಕೇಳಿದೆ.

"ನಿಮಗೆ ಮಂಡಿ ನೋವಲ್ವಾ, ಅಮೇ. ನಿಮ್ಮ ಬದಲು ನಾನು ಹಾಕ್ತೀನಿ. ಪುಣ್ಯ ನಿಮ್ಮ ಹೆಸರಿಗೇ ಇರಲಿ."

ಸಿಹಿ ಮಾತು. ಸಿಹಿ ಇದ್ದಲ್ಲಿ ಇರುವೆ ಇದ್ದೇ ಇರುತ್ತದೆ. ಹುಡುಕಬೇಕು.

ಪಕ್ಕದ ಮನೆಯ ಹ್ಲಾ ಯೋನ್ ಚುಟ್ಟ ಸುತ್ತುತ್ತಾ ಕೂತಿದ್ದಳು. ಅವಳ ಕೈಗಿಂತ ನಾಲಗೆ ಚುರುಕು.

"ಏನೇ ಲೋನ್ ತಿನ್, ನಿನ್ನ ಸೊಸೆ ಭಿಕ್ಷುಗಳಿಗೆ ಅನ್ನ ಹಾಕ್ತಾಳಲ್ಲ. ಯೇಸುಸ್ವಾಮಿ ಎಲ್ಲಿಗೆ ಹೋದ?"

"ಬಿಳಿಯರ ಜೊತೆ ಹಡಗು ಹತ್ತಿದ್ನೋ ಏನೋ."

"ನಗಬೇಡ. ಅವಳ ತಮ್ಮ ಬಂದೂಕಿನೋನು. ಅಂಥೋರ ಸುಳಿವು ಕೊಟ್ರೆ ಒಂದು ಡಬ್ಬ ಸೀಮೆಎಣ್ಣೆ ಕೊಡ್ತಾರಂತೆ."

"ಎಣ್ಣೆ ಬೇಕಾದ್ರೆ ನಿನ್ನ ಗಂಡನ್ನ ಹಿಡ್ಕೊಡು. ಹಿಂಡಿದ್ರೆ ಹೆಂಡವಾದ್ರೂ ಬರುತ್ತೆ."

ನಗಾಡಿದಳು. ಆದರೆ ನಗುವಾಗಲೂ ನಮ್ಮ ಮನೆಯ ಮೆಟ್ಟಿಲನ್ನೇ ನೋಡುತ್ತಿದ್ದಳು.

ಇನ್ನು ಮೇಲೆ ಭಿಕ್ಷುಗಳ ಸಾಲಿನ ಹತ್ತಿರ ನಾನೂ ನಿಲ್ಲುತ್ತೇನೆ.

ಹುಣ್ಣಿಮೆ ಕಳೆದು ಹನ್ನೆರಡನೆಯ ದಿನ

ಭಿಕ್ಷುಗಳ ಸಾಲಿನ ಕೊನೆಯಲ್ಲಿ ಹೊಸಬನೊಬ್ಬನಿದ್ದಾನೆ. ತಲೆ ಹೊಸದಾಗಿ ಬೋಳಿಸಿದ್ದು, ಮುಖಕ್ಕಿಂತ ಬೆಳ್ಳಗಿದೆ. ಸೊಸೆ ಮುಂದಿನವರಿಗೆಲ್ಲ ಒಂದೊಂದು ಸೌಟು ಹಾಕಿದಳು, ಇವನ ಪಾತ್ರೆಗೆ ಎರಡು, ಮೇಲೆ ಬಾಳೆಎಲೆಯಲ್ಲಿ ಕಟ್ಟಿದ ಮೀನುಗೊಜ್ಜು. ಜಾಡಿಯ ಕಳ್ಳ ಸಿಕ್ಕಿದ.

ಅದಲ್ಲ ವಿಷಯ. ಅನ್ನ ಬಿದ್ದ ಮೇಲೆ ಅವನು ತಲೆ ಬಾಗಿಸಿದ. ಸೊಸೆಗೆ. ಉಪಕಾರವಾಯಿತು ಎನ್ನುವ ಹಾಗೆ.

ನಾನು ಹುಟ್ಟಿದಾಗಿನಿಂದ ಭಿಕ್ಷುಗಳನ್ನು ನೋಡಿದ್ದೇನೆ. ಕೊಟ್ಟವರಿಗೆ ತಲೆ ಬಾಗಿಸಿದ ಭಿಕ್ಷುವನ್ನು ನೋಡಿಲ್ಲ. ಪುಣ್ಯ ಕೊಟ್ಟವರದ್ದು, ಅದನ್ನು ಸಂಪಾದಿಸಲು ಅವರು ದಾರಿ ಮಾಡಿಕೊಟ್ಟಿದ್ದಾರೆ, ತಲೆ ಬಾಗಿಸಬೇಕಾದವರು ನಾವು. ಕೊಟ್ಟವರಿಗೆಲ್ಲ ಉಪಕಾರ ಎನ್ನುವುದು ಪಾದ್ರಿ ಶಾಲೆಯಲ್ಲಿ ಕಲಿಸುವ ಪಾಠ.

ಕಸೋನ್ ಅಮಾವಾಸ್ಯೆ

ಸಾನ್ ಮ್ಯಾ ಯಾರನ್ನು ಕಂಡರೂ ಅರಚುವ ಕೂಸು. ಊರ ಮುಖ್ಯಸ್ಥ ಊ ಫೋ ತೌಂಗ್ ಎತ್ತಿಕೊಳ್ಳಲು ಬಂದರೆ ಅವನ ಕಿವಿ ಕಿವುಡಾಗುವಷ್ಟು ಅಳುತ್ತಾಳೆ. ಇಂದು ಬೆಳಿಗ್ಗೆ ತಾಯಿಯ ಸೊಂಟದಿಂದ ಆ ಹೊಸ ಭಿಕ್ಷುವಿನ ಕಡೆಗೆ ಹಾರಿದಳು, ಎರಡೂ ಕೈ ಚಾಚಿಕೊಂಡು, ನಗುತ್ತಾ. ಅವನ ಕೈಯೂ ಮುಂದೆ ಬಂತು. ಹೆಣ್ಣುಕೂಸಿನ ಕಡೆಗೆ, ಭಿಕ್ಷುವಿನ ಚೀವರ ತೊಟ್ಟವನ ಕೈ. ಅರ್ಧ ದಾರಿಯಲ್ಲಿ ಹಿಂದೆಳೆದುಕೊಂಡ.

ಮದುವೆಯ ದಿನ ನೋಡಿದ್ದೆ ಆ ಕೈಯನ್ನು. ಕಿರುಬೆರಳು ಡೊಂಕು. ನಮ್ಮ ಬೀಗರ ಹುಡುಗ. ತೂಲೇ.

ನನ್ನ ಮನೆಯ ಅನ್ನ, ನನ್ನ ಧರ್ಮದ ಬಟ್ಟೆ, ನನ್ನ ಊರಿನ ವಿಹಾರ. ಮೂರನ್ನೂ ಬಳಸಿಕೊಂಡಿದ್ದಾಳೆ, ನನಗೊಂದು ಮಾತು ಹೇಳದೆ. ಚೀವರ ತೊಡಿಸುವ ಮೊದಲೂ ಎಲ್ಲೋ ಅಡಗಿಸಿ ಉಣಿಸಿದ್ದಾಳೆ, ಕೂಸನ್ನೂ ಕರೆದೊಯ್ದಿದ್ದಾಳೆ; ಇಲ್ಲದಿದ್ದರೆ ಕೂಸು ಹಾಗೆ ಹಾರುತ್ತಿರಲಿಲ್ಲ. ಅವನು ಸಿಕ್ಕಿಬಿದ್ದರೆ ಅವನ ತಲೆ, ಇವಳ ತಲೆ, ಕೂಸಿನದ್ದೂ ಸೇರಿ ಹೋಗುತ್ತದೆ. ನಾನು ಸುಳ್ಳು ಚೀವರಕ್ಕೆ ಮೂರು ದಿನ ಕೈಮುಗಿದ ಪಾಪ ಬೇರೆ.

ಇನ್ನೊಂದು ಅನುಮಾನ. ಈ ಪುಸ್ತಕ ನಾನಿಟ್ಟ ಹಾಗೆ ಇರುವುದಿಲ್ಲ. ಇಂದು ಹಾಳೆಗಳ ನಡುವೆ ಚುಟ್ಟದ ಬೂದಿ ಉದುರಿಸಿ ಇಡುತ್ತೇನೆ. ಕಳ್ಳಿ ಯಾರೆಂದು ಗೊತ್ತಾಗಲಿ.

ನಯೋನ್ ತಿಂಗಳು, ಎರಡನೆಯ ದಿನ

ಬೂದಿ ಇಲ್ಲ.

ಮತ್ತು ಇಂದು ಬೆಳಿಗ್ಗೆ ಅವನು ತಲೆ ಬಾಗಿಸಲಿಲ್ಲ. ಎರಡೂ ಕೈ ಪಾತ್ರೆಯ ಮೇಲೆ. ಕಣ್ಣು ನೆಲದ ಮೇಲೆ. ನಾನು ಇಲ್ಲಿ ಬರೆದದ್ದು ವಿಹಾರದವರೆಗೆ ನಡೆದುಹೋಗಿದೆ.

ಬುದ್ಧನ ಗೂಡಿನ ಹಿಂದಕ್ಕೆ ಕೈ ಹಾಕುವಷ್ಟು ಧೈರ್ಯ ಅವಳಿಗೆ. ಕೇಳಿಬಿಡಬೇಕೆಂದುಕೊಂಡೆ. ಆದರೆ ಕೇಳಿದರೆ ಅವಳು ಹೇಳುತ್ತಾಳೆ, ಹೇಳಿದರೆ ನನಗೆ ಗೊತ್ತಿದೆ ಎಂದಾಗುತ್ತದೆ. ಗೊತ್ತಿಲ್ಲದ ಮುದುಕಿಯನ್ನು ಯಾರೂ ಏನೂ ಮಾಡುವುದಿಲ್ಲ.

ಪುಸ್ತಕದ ಜಾಗ ಬದಲಾಯಿಸಬೇಕು. ನಾಳೆ ನೋಡೋಣ.

ನಾಲ್ಕನೆಯ ದಿನ

ಕನ್ನಡಕದ ಜಪಾನೀ ನಾಯಕನೊಬ್ಬ ಮುಖ್ಯಸ್ಥನ ಮನೆಯಲ್ಲಿ ಇಳಿದಿದ್ದಾನೆ. ಬೂಟು ಹಾಕಿಕೊಂಡೇ ಒಳಗೆ ಹೋದನಂತೆ. ಊ ಫೋ ತೌಂಗ್ ಸರಿಯಾಗಿ ಬಗ್ಗಲಿಲ್ಲವೆಂದು ಅವನ ಕಪಾಳಕ್ಕೆ ಹೊಡೆದ, ಹೆಂಡತಿ ಮಕ್ಕಳ ಮುಂದೆ. ಬಿಳಿಯರ ಕಾಲದಲ್ಲಿ ಊ ಫೋ ತೌಂಗ್ ನಮಗೆ ಹೊಡೆಸುತ್ತಿದ್ದ. ಸಂತೋಷವಾಗಬೇಕಿತ್ತು. ಯಾಕೋ ಆಗಲಿಲ್ಲ.

ತೋಳಪಟ್ಟಿಯವರ ನಾಯಕ ಬೋ ತೀಹಾ ಎಂಬ ಹುಡುಗ. ಹಿಂದೆ ಶ್ರಾಮಣೇರನಾಗಿ, ಎಂದರೆ ಮರಿ ಭಿಕ್ಷುವಾಗಿ, ವಿಹಾರದಲ್ಲಿ ಇದ್ದವನಂತೆ. ಅದೇ ಭಯ. ಜಪಾನಿನವನಿಗೆ ಚೀವರದ ಒಳಗಿನದ್ದು ತಿಳಿಯುವುದಿಲ್ಲ, ಇವನಿಗೆ ತಿಳಿಯುತ್ತದೆ.

ಭಯ ಎಂದು ಯಾಕೆ ಬರೆದೆನೋ. ನನಗೇನು ಭಯ.

ಆರನೆಯ ದಿನ

ವಿಹಾರದ ಹಿರಿಯ ಭಿಕ್ಷು ಸಯಾಡೋ ಅವರ ಹತ್ತಿರ ಹೋದೆ, ವೀಳ್ಯದೆಲೆ ಕೊಡುವ ನೆಪದಲ್ಲಿ. ಮೂರು ಸಲ ನಮಸ್ಕರಿಸಿ ಕೂತೆ.

"ಹೊಸ ಭಿಕ್ಷು ಎಲ್ಲಿಯವರು, ಭಂತೆ?"

"ದಾರಿಯಿಂದ ಬಂದೋರು, ದಾಯಕಿ."

"ದಾರಿ ಎಲ್ಲಿಂದ ಬಂತು?"

"ಕಷ್ಟದಿಂದ."

"ಶೀಲದ ಶ್ಲೋಕ ಬಾಯಿಪಾಠ ಒಪ್ಪಿಸ್ತಾರಾ?"

"ಮೌನವ್ರತ."

"ಅನುಕೂಲದ ವ್ರತ," ಅಂದೆ.

ಅವರು ಅಡಿಕೆ ಜಗಿದರು. "ನಾಯಿ ಅಟ್ಟಿಸ್ಕೊಂಡು ಬಂದ ಮೊಲ ನನ್ನ ಚೀವರದ ಕೆಳಗೆ ನುಗ್ಗಿದ್ರೆ, ಅದರ ಜಾತಿ ಕೇಳ್ಲಾ?"

"ಕೇಳ್ಬೇಡಿ. ಆದ್ರೆ ಪಾತ್ರೆ ಹಿಡಿಯೋದಾದ್ರೂ ಕಲಿಸಿ ಆ ಮೊಲಕ್ಕೆ."

"ನನಗೆ ಕಣ್ಣು ಮಂಜು, ದಾಯಕಿ. ಈ ಊರಲ್ಲಿ ಚುರುಕು ಕಣ್ಣಿರೋದು ಒಬ್ಬರಿಗೇ ಅಂತ ಕೇಳಿದ್ದೀನಿ." ಆಮೇಲೆ ಮೆಲ್ಲಗೆ ಹೇಳಿದರು: "ವಾಸೋ ತಿಂಗಳಲ್ಲಿ ವರ್ಷಾವಾಸ ಶುರುವಾದ್ರೆ ಮಳೆಗಾಲ ಮುಗಿಯೋವರೆಗೂ ಯಾವ ಭಿಕ್ಷುವೂ ಊರು ಬಿಡೋಹಾಗಿಲ್ಲ. ಅಷ್ಟರೊಳಗೆ ಉಪ್ಪಿನ ದೋಣಿ ಬಂದ್ರೆ ಕಡಲದಂಡೆಯ ವಿಹಾರಕ್ಕೆ ಕಳಿಸ್ತೀನಿ. ಅಲ್ಲೀವರೆಗೆ ಅವನ ತಲೆ ನಿಲ್ಬೇಕು."

ಮುದುಕ ಬಲು ಜಾಣ. ಅವರ ಪಾಪ ಅವರಿಗೆ, ನನಗೇನು.

ಏಳನೆಯ ದಿನ

ಇಂದು ಕೆಲಸವಿಲ್ಲ. ಸುಮ್ಮನೆ ಕೂತು ಈಗಿನ ಕಾಲದ ಭಿಕ್ಷುಗಳ ಮೇಲೆ ನನಗಿರುವ ಸಿಟ್ಟನ್ನು ಬರೆಯುತ್ತೇನೆ. ನನ್ನ ಸಮಾಧಾನಕ್ಕೆ.

ಭಿಕ್ಷು ನಡೆಯುವಾಗ ನೊಗದಷ್ಟು ದೂರದ ನೆಲ ನೋಡಬೇಕು. ಈಗಿನವರು ಕಾವಲುಗಾರರ ಹಾಗೆ ಎಡಬಲ ನೋಡುತ್ತಾರೆ. ಎದೆ ಸೆಟೆಸಿ ಕಾಲು ಎತ್ತಿ ಹಾಕುತ್ತಾರೆ, ಯಾರೋ ತುತ್ತೂರಿ ಊದುತ್ತಿರುವ ಹಾಗೆ. ಮಧ್ಯಾಹ್ನ ದಾಟಿದ ಮೇಲೆ ಭಿಕ್ಷು ಏನನ್ನೂ ತಿನ್ನಬಾರದು. ನಿನ್ನೆ ಸಂಜೆ ವಿಹಾರದ ಬಾವಿಯ ಹತ್ತಿರ ಬಾಳೆಹಣ್ಣಿನ ಸಿಪ್ಪೆ ಬಿದ್ದಿತ್ತು, ಮಂಗ ತಿಂದದ್ದಲ್ಲ. ಬೆಲ್ಲ ಹಾಕಲಿ ಮಣ್ಣು ಹಾಕಲಿ, ಪಾತ್ರೆಗೆ ಬಿದ್ದದ್ದರ ಮೇಲೆ ಕಣ್ಣು ಹಾಯಿಸಬಾರದು. ಯಾರಾದರೂ ನಮಸ್ಕರಿಸಿದರೆ ತಿರುಗಿ ನಮಸ್ಕರಿಸಬಾರದು, ಅವರು ರಾಜನಾಗಿರಲಿ, ಬಂದೂಕು ಹಿಡಿದಿರಲಿ.

ಹೆಣ್ಣನ್ನು ಮುಟ್ಟಬಾರದು. ಕೂಸನ್ನೂ ಮುಟ್ಟಬಾರದು. ಮುದುಕಿ ಕಣ್ಣೆದುರೇ ಬಿದ್ದರೂ ಎತ್ತಬಾರದು. ಎತ್ತಲು ಬೇರೆಯವರಿದ್ದಾರೆ. ಕೈ ಪಾತ್ರೆ ಬಿಡಬಾರದು. ಇದನ್ನು ಎರಡು ಸಲ ಓದಿಕೊಳ್ಳಬೇಕು, ಓದುವವರು ಯಾರಾದರೂ ಇದ್ದರೆ.

ಬೂದಿ ಹಾಕಿದ್ದೇನೆ. ಪುಸ್ತಕದ ಜಾಗ ಬದಲಾಯಿಸಲು ಇಂದೂ ಮರೆತೆ.

ಒಂಬತ್ತನೆಯ ದಿನ

ಬೂದಿ ಇಲ್ಲ. ನಡಿಗೆ ಪರವಾಗಿಲ್ಲ. ಎದೆ ಇನ್ನೂ ಸ್ವಲ್ಪ ಸೆಟೆದಿದೆ.

ಹನ್ನೆರಡನೆಯ ದಿನ

ತೊರೆಯಾಚೆಯ ಕರೆನ್ ಹಳ್ಳಿಯ ಕಡೆ ಬೆಳಗಿನಿಂದ ಹೊಗೆ. ಗದ್ದೆಗೆ ಬೆಂಕಿ ಎಂದರು. ಈ ಕಾಲದಲ್ಲಿ ಯಾರು ಗದ್ದೆ ಸುಡುತ್ತಾರೆ? ಸೊಸೆ ಒಲೆ ಹೊತ್ತಿಸಲಿಲ್ಲ. ನಾನೇ ಗಂಜಿ ಮಾಡಿದೆ. ಉಪ್ಪು ಹೆಚ್ಚಾಗಿತ್ತು. ಅವಳು ಪೂರ್ತಿ ಕುಡಿದು ಬಟ್ಟಲು ತೊಳೆದಿಟ್ಟಳು. ಬೈದಿದ್ದರೆ ಒಳ್ಳೆಯದಿತ್ತು.

ನಯೋನ್ ಹುಣ್ಣಿಮೆ

ಇಂದು ಬೀದಿಯಲ್ಲಿ ಕೆಸರಿಗೆ ಜಾರಿ ಬಿದ್ದೆ. ಕೆನ್ನೆ ಊದಿದೆ. ಬರೆಯಲಾರೆ.

ಹುಣ್ಣಿಮೆಯ ಮರುದಿನ

ಊತ ಇಳಿದಿದೆ. ಆದದ್ದು ಇಷ್ಟು.

ಭಿಕ್ಷುಗಳ ಸಾಲು ನಮ್ಮ ಮನೆಯ ಮುಂದೆ ಬಂದಾಗ ಬೋ ತೀಹಾ ಹುಡುಗರೊಂದಿಗೆ ಅಡ್ಡ ನಿಂತ. ಹಿಂದೆ ಕನ್ನಡಕದವನು. ಬಂದೂಕಿನವನೊಬ್ಬ ಚೀವರದಲ್ಲಿ ಅಡಗಿದ್ದಾನೆಂದು ಯಾರೋ ಊದಿದ್ದಾರೆ. ನಿನ್ನೆಯಿಂದ ಹ್ಲಾ ಯೋನ್ ಮನೆಯ ದೀಪ ಚೆನ್ನಾಗಿ ಉರಿಯುತ್ತಿದೆ. ನನಗೆ ಗೊತ್ತಿಲ್ಲ, ನಾನು ಏನನ್ನೂ ಹೇಳುತ್ತಿಲ್ಲ.

ಬೋ ತೀಹಾ ಬೈಯಲಿಲ್ಲ, ಹೊಡೆಯಲಿಲ್ಲ. ಚಪ್ಪಲಿ ಕಳಚಿದ. ಪ್ರತಿಯೊಬ್ಬರ ಪಾತ್ರೆಗೂ ಒಂದೊಂದು ತಾಳೆಬೆಲ್ಲದ ಉಂಡೆ ಹಾಕಿ, ಕೈಮುಗಿದು, ಮುಖ ನೋಡುತ್ತಾ ಬಂದ. ತನ್ನ ಹುಡುಗರಿಗೆ ಹೇಳುತ್ತಿದ್ದ: "ಪಾದ್ರಿ ಶಾಲೇಲಿ ಬೆಳೆದೋನಿಗೆ ತಲೆ ಬಾಗಿಸ್ದೆ ಇರೋಕೆ ಆಗಲ್ಲ. ನೋಡ್ತಿರಿ."

ಕೊನೆಯವನ ಪಾತ್ರೆಗೆ ಬೆಲ್ಲ ಬಿತ್ತು. ತಲೆ ಬಾಗಲಿಲ್ಲ. ಕಣ್ಣು ನೆಲ ಬಿಡಲಿಲ್ಲ. ನಾನು ಬೋಗುಣಿಗೆ ಮತ್ತೆ ಸೌಟು ಹಾಕಿದೆ.

ಆದರೆ ಕನ್ನಡಕದವನು ಮುಂದೆ ಬಂದು ಅವನ ಭುಜವನ್ನು ಕೋಲಿನಿಂದ ತಟ್ಟಿದ, ಏನೋ ಅಂದ. ಬೋ ತೀಹಾ ನಮ್ಮ ಭಾಷೆಯಲ್ಲಿ ಹೇಳಿದ: "ಇದು ಸೈನಿಕನ ಭುಜ ಅಂತಾರೆ ಸಾಹೇಬ್ರು. ಭಂತೆ, ಒಂದು ಶೀಲ ಒಪ್ಪಿಸಿ, ಕೇಳೋಣ."

ಸಯಾಡೋ ಬಾಯಿ ತೆರೆದರು. "ಅವರು ಒಪ್ಪಿಸಲಿ," ಎಂದ ಹುಡುಗ.

ಆಗ ನಾನು ಜಾರಿದೆ. ಅನ್ನದ ಬೋಗುಣಿ ಸಮೇತ ಇಬ್ಬರ ನಡುವೆ ಬಿದ್ದೆ. ಬಿಸಿ ಅನ್ನ ಕನ್ನಡಕದವನ ಬೂಟಿನ ಮೇಲೆ ಚೆಲ್ಲಿತು. ಏಳಲು ಹೋದೆ, ಅವನು ಕಪಾಳಕ್ಕೆ ಬಿಟ್ಟ. ಮತ್ತೆ ಬಿದ್ದೆ, ಈ ಸಲ ನಿಜವಾಗಿ.

ಹಣೆ ನೆಲಕ್ಕೆ ತಾಗಿತ್ತು. ನನ್ನ ಮೂಗಿನ ಮುಂದೆ ತೂಲೇಯ ಬರಿಗಾಲು. ಬೆರಳುಗಳು ಮಣ್ಣನ್ನು ಹಿಡಿದುಕೊಂಡಿದ್ದವು. ಮಗನೇ, ಕೈ ಚಾಚಬೇಡ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಬುದ್ಧನನ್ನು ಕೂಡ ಹಾಗೆ ಬೇಡಿದ್ದಿಲ್ಲ. ಸಾನ್ ಮ್ಯಾ ಅಳುತ್ತಿದ್ದಳು. ಒಂದು ಹನಿ ನನ್ನ ಕತ್ತಿನ ಮೇಲೆ ಬಿತ್ತು. ಮಳೆ ಎಂದುಕೊಂಡೆ.

ಅವನು ಕೈ ಚಾಚಲಿಲ್ಲ.

ಬೋ ತೀಹಾ ನಕ್ಕ. "ಸುಳ್ಳು ಭಿಕ್ಷುವಾಗಿದ್ರೆ ಇಷ್ಟೊತ್ತಿಗೆ ಮುದುಕೀನ ಎತ್ತಿರ್ತಿದ್ದ," ಎಂದು ತನ್ನವರಿಗೆ ಹೇಳಿ, ಕನ್ನಡಕದವನಿಗೂ ವಿವರಿಸಿದ. ಸಾಲು ಮುಂದೆ ಹೋಯಿತು.

ಎತ್ತಿದ್ದು ಪೋವಾ. ಅವಳ ಕೈ ತಣ್ಣಗಿತ್ತು.

ಮಧ್ಯಾಹ್ನ ಹ್ಲಾ ಯೋನ್ ಬಂದು, "ಮೂರು ದಿನದಿಂದ ಮಳೇನೇ ಇಲ್ಲ. ಯಾವ ಕೆಸರಿಗೆ ಜಾರಿದ್ಯೇ?" ಎಂದು ಕೇಳಿದಳು. ಮಂಡಿ ಕೆಟ್ಟವರಿಗೆ ಒಣನೆಲವೂ ಕೆಸರೇ ಎಂದೆ. ಇಲ್ಲೂ ಅದನ್ನೇ ಬರೆಯುತ್ತೇನೆ. ಬೇರೇನೂ ಇಲ್ಲ.

ಹುಣ್ಣಿಮೆ ಕಳೆದು ಐದನೆಯ ದಿನ

ಉಪ್ಪಿನ ದೋಣಿ ಬಂತು. ಒಬ್ಬ ಭಿಕ್ಷು ವರ್ಷಾವಾಸಕ್ಕೆ ಕಡಲದಂಡೆಯ ವಿಹಾರಕ್ಕೆ ಹೊರಟ. ಈ ದಿನಗಳಲ್ಲಿ ಭಿಕ್ಷುಗಳು ಹಾಗೆ ಹೊರಡುವುದು ರೂಢಿ. ಯಾರೂ ತಿರುಗಿ ನೋಡಲಿಲ್ಲ. ನಾನು ದಂಡೆಗೆ ಹೋಗಿದ್ದೆ, ಬೇರೆ ಕೆಲಸವಿತ್ತು.

ಆರನೆಯ ದಿನ

ಮನೆಯಲ್ಲಿ ಕರೆನ್ ಜನ ಇದ್ದವರು ಅವರನ್ನು ಮೂರು ದಿನದೊಳಗೆ ಸಂತೆಕಟ್ಟೆಗೆ ಕರೆತರಬೇಕೆಂದು ಡಂಗುರ ಹೊಡೆದರು. ಯಾಕೆಂದು ಹೇಳಲಿಲ್ಲ. ತೊರೆಯಾಚೆಯ ಹೊಗೆಯ ಬಗ್ಗೆಯೂ ಹೇಳಿರಲಿಲ್ಲ.

ಎರಡನೆಯ ಉಪ್ಪಿನ ದೋಣಿ ನಾಳೆ. ಪೋವಾಳ ತಾಯಿ ಕಡಲದಂಡೆಯ ಉಪ್ಪಿನ ಊರಿನಲ್ಲಿದ್ದಾಳೆ.

"ನಿಮ್ಮನ್ನ ಒಬ್ಬರನ್ನೇ ಬಿಟ್ಟು ಹೋಗಲ್ಲ, ಅಮೇ," ಎಂದಳು.

"ಯಾರು ಇರು ಅಂದ್ರು? ನಿನ್ನ ಬಿದಿರುಕಳಲೆ ಸಾರು ಕುಡಿದೂ ಕುಡಿದೂ ನನ್ನ ನಾಲಗೆ ಸತ್ತಿದೆ. ಮಗ ಬಂದ್ರೆ ಮನೇಲಿ ಯಾರಾದ್ರೂ ಇರಬೇಡ್ವಾ? ನಾನಿರ್ತೀನಿ."

"ಅವರು ಬರ್ತಾರಾ?"

"ಬರದೆ ಎಲ್ಲಿಗೆ ಹೋಗ್ತಾನೆ. ಒದ್ದು ಕರ್ಕೊಂಡು ಬರ್ತೀನಿ."

ಏಳನೆಯ ದಿನ

ಅವಳ ಕರೆನ್ ಅಂಗಿ ಬಿಚ್ಚಿಸಿ ನನ್ನ ರವಿಕೆ ತೊಡಿಸಿದೆ. ದೊಗಳೆ. ಪಿನ್ನು ಹಾಕಿದೆ. ತನಖಾ ಮರದ ಕೊರಡನ್ನು ಗಂಧದಂತೆ ತೇಯ್ದು ಅವಳ ಕೆನ್ನೆ, ಕೂಸಿನ ಕೆನ್ನೆ ಎರಡಕ್ಕೂ ನಮ್ಮವರ ಹಾಗೆ ಬಳಿದೆ. ಕೂದಲನ್ನು ನನ್ನ ಹಾಗೆ ಮೇಲೆ ಸುತ್ತಿ ನನ್ನ ಬಾಚಣಿಗೆ ಸಿಕ್ಕಿಸಿದೆ. ನನ್ನ ಮದುವೆಯ ಬಾಚಣಿಗೆ ಅದು. ಕೊಟ್ಟದ್ದಲ್ಲ, ಎರವಲು.

"ಯಾರಾದ್ರೂ ಕೇಳಿದ್ರೆ?"

"ಲೋನ್ ತಿನ್ ಮಗಳು ಅನ್ನು. ನನ್ನ ಮಗಳು ಅಂದ್ರೆ ಮುಂದಿನ ಪ್ರಶ್ನೆ ಕೇಳೋ ಧೈರ್ಯ ಈ ತೊರೇಲಿ ಯಾರಿಗಿದೆ?"

ದೋಣಿ ಹತ್ತುವಾಗ ಅವಳು ತಿರುಗಿ ನನ್ನ ಕಿವಿಯ ಹತ್ತಿರ ಬಂದಳು. "ಅಮೇ, ಬೂದಿ ಅಷ್ಟೊಂದು ಹಾಕ್ಬೇಡಿ. ಅಕ್ಷರ ಮಂಕಾಗ್ತಾವೆ."

ಕಳ್ಳಿ. ಎದುರಿಗೇ ಹೇಳಿದಳು. ಬೈಯುವಷ್ಟರಲ್ಲಿ ದೋಣಿ ದಂಡೆ ಬಿಟ್ಟಿತ್ತು.

ಹನ್ನೆರಡನೆಯ ದಿನ

ದೋಣಿ ಹೋದ ದಿನ ಹಾಕಿದ ಬೂದಿ ಹಾಗೇ ಇದೆ. ಬೆಳಿಗ್ಗೆ ನೋಡಿದೆ, ಮಧ್ಯಾಹ್ನ ನೋಡಿದೆ. ಊದಿದರೆ ಹಾರುವ ಬೂದಿ, ಒಂದು ಕಣ ಅಲುಗಿಲ್ಲ. ಇಂಥ ಭದ್ರವಾದ ಪುಸ್ತಕ ಇಟ್ಟುಕೊಂಡು ಯಾರಿಗೆ ಏನು ಲಾಭ.

ಬೋ ತೀಹಾ ಬಂದು ಸೊಸೆ ಎಲ್ಲಿ ಎಂದ. ಜಗಳ ಮಾಡಿ ಓಡಿಸಿದೆ ಎಂದೆ. ನನ್ನ ಬಾಯಿಯ ಸುದ್ದಿ ಊರಲ್ಲೆಲ್ಲ ಕೇಳಿದ್ದವನು, ತಕ್ಷಣ ನಂಬಿದ.

ಸಾರಿಗೆ ಬಿದಿರುಕಳಲೆ ಹಾಕಿದೆ. ಅವಳದ್ದರ ಹಾಗೆ ಬರಲಿಲ್ಲ. ಮೊದಲು ಹುಳಿಸೊಪ್ಪೋ, ಮೊದಲು ಮೀನುಗೊಜ್ಜೋ?

ಕೇಳು, ಪೋವಾ. ಕದ್ದು ಓದುವ ಚಟ ಇದ್ದವರು ಎಲ್ಲಿದ್ದರೂ ಓದುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಇಷ್ಟು ದಿನ ನನ್ನ ಮಾತನ್ನೆಲ್ಲ ಬಿಟ್ಟಿ ಓದಿದೆ, ಒಂದಕ್ಕೂ ಉತ್ತರ ಕೊಡಲಿಲ್ಲ. ಕಾಗದವಿಲ್ಲವೆಂದು ನೆಪ ಹೇಳಬೇಡ. ಈ ಪುಸ್ತಕದ ನಾಲ್ಕು ಖಾಲಿ ಹಾಳೆ ಹರಿದು ಸಾನ್ ಮ್ಯಾಳ ಬಟ್ಟೆಗಂಟಿನ ಅಡಿಯಲ್ಲಿ ಇಟ್ಟಿದ್ದೇನೆ, ತುಂಡು ಪೆನ್ಸಿಲ್ಲೂ ಇದೆ. ಯಾರ ಹೆಸರೂ ಹಾಕಬೇಡ. ಮೊಲ ಬಿಲ ಸೇರಿತೋ ಇಲ್ಲವೋ ಎಂದು ಬರೆ. ಕೂಸಿಗೆ ಮೂರನೆಯ ಹಲ್ಲು ಬಂತೋ ಎಂದು ಬರೆ. ಸಾರಿನ ವಿಷಯ ಬರೆ. ಬಾಚಣಿಗೆ ಮುರಿದಿದ್ದರೆ ಅದನ್ನೂ ಬರೆ, ಬೈಯುವುದಿಲ್ಲ.

ಮಳೆ ಬಲವಾದರೆ ಉಪ್ಪಿನ ದೋಣಿಗಳು ನಿಲ್ಲುತ್ತವೆ. ವಾಸೋ ತಿಂಗಳು ಹುಟ್ಟುವುದರೊಳಗೆ ನನಗೆ ಉತ್ತರ ಬರಬೇಕು.